ಕೆಂಪು ಗುಂಡಿ ಮತ್ತು ಅರ್ಧ ಕಪ್ ಚಹಾ

ಕೊಡುವ ಕೈ ಹಿಂದೆ ಸರಿಯಬಾರದೆಂದು ನಮ್ಮ ಮೈಸೂರಿನ ಮನೆಯಲ್ಲಿ ಕಲಿಸಿದ್ದರು. ಎಲೆಗೆ ತುಪ್ಪ ಬಡಿಸುವಾಗ ಅದು ಸರಿ. ವಿಮಾನಕ್ಕೆ ಪೆಟ್ರೋಲ್ ಬಡಿಸುವಾಗ ಸರಿಯಲ್ಲವೆಂದು ನನಗೆ ತಿಳಿದದ್ದು ೨೦೧೬ರ ಫೆಬ್ರವರಿಯ ಒಂದು ಶನಿವಾರ.

ನಾನು ಕ್ರೈಸ್ಟ್‌ಚರ್ಚ್‌ನ ಹಾರ್ನ್‌ಬಿ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಎರಡು ಸೀಟಿನ ಪುಟ್ಟ ವಿಮಾನ ಹಾರಿಸುವ ಲೈಸೆನ್ಸ್ ಬಂದು ಏಳು ತಿಂಗಳಾಗಿತ್ತು. ದಿನಚರಿಯಲ್ಲಿ ಹಾರಾಟಕ್ಕೊಂದು ಕಾಲಂ, ಜೊತೆಗೆ ಬಂದವರಿಗೊಂದು. ಎರಡನೆಯದರಲ್ಲಿ ಬರೀ ಸೊನ್ನೆಗಳು, ತಟ್ಟೆಯಲ್ಲಿಟ್ಟ ಇಡ್ಲಿಗಳ ಹಾಗೆ. ಕೊನೆಗೆ ಸಹೋದ್ಯೋಗಿ ನಜೀರ್, ಹುಬ್ಬಳ್ಳಿಯವನು, ಒಪ್ಪಿದ. ಮೊದಲೆಲ್ಲ ವಾರವಾರ ನನ್ನ ಮನೆಗೆ ಊಟಕ್ಕೆ ಬರುತ್ತಿದ್ದ, ಯಾಕೋ ನಿಲ್ಲಿಸಿಬಿಟ್ಟಿದ್ದ.

ಬೆಟ್ಟಗಳ ನಡುವೆ, ಬಹಳ ಎತ್ತರದಲ್ಲಿರುವ ಹುಲ್ಲಿನ ರನ್‌ವೇಯಲ್ಲಿ ಇಳಿದು, ಬುತ್ತಿ ಬಿಚ್ಚಿ ತಿಂದು, ಸುಡುಬಿಸಿಲಲ್ಲಿ ವಾಪಸ್ ಹೊರಟೆವು. ಬ್ರೇಕ್ ಹಿಡಿದು ಪೂರ್ತಿ ವೇಗ ಕೊಟ್ಟರೆ ಎಂಜಿನ್ ಮುದುಕರಂತೆ ಕೆಮ್ಮಿತು.

"ಲೇ, ಇದು ಹಾರತೈತೋ, ನಾ ಇಳಿದು ನೂಕಲೋ?" ಎಂದ ನಜೀರ್. ಅವನ ಕಣ್ಣು ಬೇಲಿಯಾಚೆ ಕ್ರೈಸ್ಟ್‌ಚರ್ಚ್‌ಗೆ ಹೊರಟಿದ್ದ ರೈತನ ಪಿಕಪ್ ಗಾಡಿಯ ಮೇಲಿತ್ತು. "ಅವರ ಗಾಡ್ಯಾಗ ಜಾಗ ಐತಂತ."

ಅವನು ಇಳಿದರೆ ಆ ಸೀಟು ಮತ್ತೆಂದೂ ತುಂಬುವುದಿಲ್ಲವೆಂದು ನನಗೆ ಗೊತ್ತಿತ್ತು. ನಮ್ಮ ಕ್ರೈಸ್ಟ್‌ಚರ್ಚ್ ಸಮುದ್ರದ ಮಟ್ಟದ ಊರು. ಅಲ್ಲಿ ಹೊರಡುವಾಗ ಪೆಟ್ರೋಲಿನ ಕೆಂಪು ಗುಂಡಿ ಪೂರ್ತಿ ಒಳಗೆ ಒತ್ತಿರಬೇಕು, ಒತ್ತಿದಷ್ಟೂ ಪೆಟ್ರೋಲ್ ಹೆಚ್ಚು. ಇಲ್ಲೂ ಧಾರಾಳವಾಗಿ ಒತ್ತಿಟ್ಟಿದ್ದೆ. ವಿಮಾನ ಹಾರಿಸಲು ಕಲಿಸಿದ ಹೆಲೆನ್ ಹೇಳಿದ್ದು ಆಗ ನೆನಪಾಯಿತು: ಎತ್ತರದಲ್ಲಿ ಗಾಳಿ ತೆಳು, ಇರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಕೊಡು, ಇಲ್ಲದಿದ್ದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ.

ಗುಂಡಿಯನ್ನು ಮೆಲ್ಲಗೆ ಹೊರಗೆಳೆದೆ. ಎಂಜಿನ್ ವೇಗದ ಮುಳ್ಳು ಏರಿತು. ಇನ್ನೂ ಎಳೆದೆ, ಏರಿ ಏರಿ, ಇಳಿಯತೊಡಗಿತು. ಚೂರು ಒಳಗೆ ಒತ್ತಿದೆ. ಕೆಮ್ಮು ನಿಂತಿತು. ಬ್ರೇಕ್ ಬಿಟ್ಟೆ, ಬೇಲಿ ಇನ್ನೂ ದೂರವಿರುವಾಗಲೇ ನೆಲ ಬಿಟ್ಟೆವು.

"ಕಡಿಮಿ ಕೊಟ್ರ ಜಾಸ್ತಿ ಎಳೀತೈತೇನು?" ಎಂದ ನಜೀರ್, ಮುಖಕ್ಕೆ ಬಣ್ಣ ಮರಳಿದ ಮೇಲೆ.

"ಎತ್ತರದಲ್ಲಿ ಹಾಗೇ."

"ನಿನ್ನ ಊಟಾನೂ ಹಂಗ ನೋಡಪಾ. ಸಾಕು ಅಂದ್ರ ಮತ್ತೊಂದು ಸೌಟು. ಹೊಂಟೆ ಅಂದ್ರ ಪಾಯಸ. ನಾ ಬರತಿದ್ದದ್ದು ನಾಕು ಮಾತಾಡಾಕ. ನೀ ಬಾಯಿ ಖಾಲಿ ಬಿಟ್ರ ತಾನ?"

ಎಂಜಿನ್ ಸದ್ದಿನ ಮರೆಯಲ್ಲಿ ನಾನು ವಿಮಾನವನ್ನು ಊರಿನ ಕಡೆಗೆ ತಿರುಗಿಸಿದೆ.

ಸಂಜೆ ನನ್ನ ಮನೆಯ ಬಾಗಿಲಲ್ಲಿ, ಊಟಕ್ಕೆ ಕರೆಯಲು ಹೊರಟ ನಾಲಿಗೆಯನ್ನು ತಡೆದು, "ಚಹಾ?" ಎಂದೆ, ಅಷ್ಟೇ.

"ಅರ್ಧ ಕಪ್."

ಆ ಅರ್ಧ ಕಪ್ ಮುಗಿಸಲು ಅವನಿಗೆ ಕತ್ತಲಾಗುವವರೆಗೆ ಬೇಕಾಯಿತು. ಹುಬ್ಬಳ್ಳಿಯ ಮಳೆಯಿಂದ ಅವನ ಅಕ್ಕನ ಮದುವೆಯವರೆಗೆ ಎಲ್ಲ ಹೇಳಿದ. ಹೊರಟಾಗ ನಾನು ತಡೆಯಲಿಲ್ಲ. ಮುಂದಿನ ಶನಿವಾರ ಯಾವ ಕಡೆ ಹಾರೋಣ ಎಂದು ಅವನೇ ಕೇಳಿದ.

ದಿನಚರಿಯಲ್ಲಿ 'ಒಂದು' ಎಂದು ಬರೆದು ಅಡಿಗೆರೆ ಎಳೆದೆ. ಆಮೇಲೆ ಫ್ರಿಜ್ ತೆಗೆದೆ. ನಜೀರನಿಗೆಂದು ಹಿಂದಿನ ದಿನವೇ ರುಬ್ಬಿಟ್ಟಿದ್ದ ಎಂಟು ಜನರ ದೋಸೆಹಿಟ್ಟು ಉಕ್ಕಿ, ಪಾತ್ರೆಯ ಮುಚ್ಚಳ ಎತ್ತಿ ನನ್ನನ್ನೇ ನೋಡುತ್ತಿತ್ತು. ಗುರುವಾರದವರೆಗೂ ಒಬ್ಬನೇ ಹುಳಿದೋಸೆ ತಿಂದೆ.