ನಾಲ್ಕು ಗೋಲು, ಒಂದು ಹೆಸರು

ಭೀಮಸಿ: ಬರದ ಬಿಡ್ತೀನಿ ನೋಡ ಸುರಜಾ! ಪೆನ್ನಿನ ಟೊಪ್ಪಿಗಿನೂ ತಗದೀನಿ. ‘ಗೋಲಕೀಪರ ಸುರಜನಿಂದ ಸೋತೀವಿ.’ ಒಂದ ಸಾಲು. ಮುಗೀತು ಕೆಲಸ.

ಸುರಜ: ಬರೀರಿ ದಾಜಿ, ಬರೀರಿ. ಆದ್ರ ಚೆಂಡು ನನ್ನ ತನಕ ಬರೂದರಾಗ ಹತ್ತ ಮಂದೀನ ದಾಟಿ ಬಂದಿತ್ತು. ಮದಲ ಆ ಹತ್ತ ಹೆಸರ ಬರೀರಿ. ಹನ್ನೊಂದನೇದ್ದು ನಂದು.

ಉಜ್ವಲಾ: ಹನ್ನೆರಡನೇದ್ದು ನಿಮ್ಮ ದಾಜೀದು. ಗೆರಿ ಹೊರಗ ನಿಂತ ಒದರಾವ್ರನೂ ಹಿಡೀಬೇಕಲ್ಲ ಮತ್ತ.

ನಿಪ್ಪಾಣಿಯ ಆ ಮನೆಯಲ್ಲಿ ಭಾನುವಾರದ ಉಪ್ಪಿಟ್ಟು ಇನ್ನೂ ಬಿಸಿಯಾಗಿತ್ತು. ಅದಕ್ಕಿಂತ ಬಿಸಿಯಾಗಿದ್ದವನು ಭೀಮಸಿ ಮಾಸ್ತರ. ಶಾಲೆಯಲ್ಲಿ ಡ್ರಿಲ್ ಹೇಳಿಕೊಡುವುದು ಅವನ ನೌಕರಿ, ಊರಿನ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿರುವುದು ಅವನ ಜೀವ. ನಿನ್ನೆ ಸಂಜೆ ಆ ತಂಡ ತನ್ನದೇ ಮೈದಾನದಲ್ಲಿ, ತನ್ನದೇ ಮಂದಿಯ ಎದುರು, ಕಾಗವಾಡದವರಿಂದ ನಾಲ್ಕು ಗೋಲು ತಿಂದು ಒಂದನ್ನೂ ತಿರುಗಿ ಕೊಡದೆ ಸೋತಿತ್ತು. ತಂಡಕ್ಕೆ ಬೂಟಿನಿಂದ ಹಿಡಿದು ಬಲೆಯವರೆಗೆ ಎಲ್ಲ ಕೊಡಿಸುವ ಅಪ್ಪಾಸಾಬ ಸಾವಕಾರ ಬೆಳಿಗ್ಗೆ ಏಳುವುದರೊಳಗೆ ಫೋನ್ ಮಾಡಿದ್ದ. ಹತ್ತು ಗಂಟೆಗೆ ಕಾಗದ ಬೇಕು, ಯಾರಿಂದ ಸೋತಿರಿ ಎಂದು ಅದರಲ್ಲಿ ಒಂದೇ ಹೆಸರು ಇರಬೇಕು, ಆ ಮನುಷ್ಯ ಇನ್ನು ತಂಡದಲ್ಲಿ ಇರಬಾರದು. ಹೆಸರು ಬರೆಯದಿದ್ದರೆ ಕೋಚೇ ಮನೆಗೆ. ಗೋಲ್‌ಕೀಪರ್ ಸುರಜ ಹೆಂಡತಿ ಉಜ್ವಲಾಳ ತಮ್ಮನಾಗಿದ್ದು, ತನ್ನನ್ನು ‘ದಾಜಿ’ ಅಂದರೆ ಭಾವ ಎಂದು ಕರೆಯುವವನಾಗಿದ್ದು ಮಾಸ್ತರನ ದುರ್ದೈವ.

ಭೀಮಸಿ: ಸರಿ, ಒಂದೊಂದ ಗೋಲ ಹಿಡದ ಮಾತಾಡೂಣು. ಮದಲನೇದ್ದು?

ಸುರಜ: ಕಣ್ಣಾಗ ಬಿಸಲ ಹೊಡೀತಿತ್ರಿ.

ಭೀಮಸಿ: ನಿನ್ನ ನೆರಳ ನಿನ್ನ ಮುಂದ ಬಿದ್ದಿತ್ತಲೇ! ಸೂರ್ಯ ಇದ್ದದ್ದು ನಿನ್ನ ಬೆನ್ನಿಗೆ.

ಸುರಜ: ಅದಕ್ಕ ಬೆನ್ನ ಸುಡಾಕತ್ತಿತ್ತು. ಲಕ್ಷ್ಯ ಅಲ್ಲಿ ಹೋತು.

ಭೀಮಸಿ: ಎರಡನೇದ್ದು?

ಸುರಜ: ಅದನ್ನ ಹಿಂದ ಆಡೂ ಸಂಭಾಜಿಗೆ ಕೇಳ್ರಿ. ನನ್ನ ಮುಂದ ನಿಂದರಬೇಕಾದ ನಾಕ ಮಂದ್ಯಾಗ ಇಬ್ಬರ ಮುಂದ ಓಡಿ ಹೋಗಿದ್ರು. ಯಾಕಂದ್ರ ನೀವ ಎರಡ ಬೆರಳ ತೋರಿಸಿದ್ರಿ. ‘ಹಿಂದ ಇಬ್ಬರ ಸಾಕು’ ಅಂತ ತಿಳಕೊಂಡ್ರು.

ಭೀಮಸಿ: ಅಯ್ಯೋ ಶಿವನ! ನಾ ತೋರಿಸಿದ್ದು ಚಹಾದಂವಗ! ಎರಡ ಚಹಾ ತಾ ಅಂತ!

ಉಜ್ವಲಾ: ಎರಡ ಯಾಕ? ನೀವ ಒಬ್ಬರ ನಿಂತಿದ್ರಲ್ಲ.

ಭೀಮಸಿ: ಒಂದು... ಒಂದು ರೆಫ್ರಿಗೆ.

ಉಜ್ವಲಾ: ಇಷ್ಟ ಮಾಡಿನೂ ಸೋತ್ರಿ!

ಮಾಸ್ತರ ಗಂಟಲು ಸರಿಮಾಡಿಕೊಂಡು ಕಾಗದವನ್ನು ಸುಮ್ಮನೆ ಆಚೆ ಈಚೆ ಸರಿಸಿದ. ಮನಸ್ಸಿನಲ್ಲೇ ನಿನ್ನೆಯ ಆಟವನ್ನು ಇನ್ನೊಮ್ಮೆ ಆಡಿದ. ಆಡುತ್ತ ಆಡುತ್ತ ಅವನ ಹುಬ್ಬು ಮೇಲೇರಿತು.

ಭೀಮಸಿ: ತಡಿ ತಡಿ. ನಿನ್ನೆ ನೀ ಏಳ ಹೊಡತ ಹಿಡದಿ. ಒಂದನ್ನಂತೂ ಗಾಳ್ಯಾಗ ಹಾರಿ ಹಿಡದಿ, ಮಂದಿ ಶಿಳ್ಳಿ ಹೊಡದ್ರು. ಬಿಟ್ಟದ್ದು ನಾಕ. ನಾಕೂ ಒಂಬತ್ತನೇ ನಂಬರಿನವನವು!

ಸುರಜ: ಅಂವ ಭಾರಿ ಹೊಡೀತಾನ್ರಿ.

ಭೀಮಸಿ: ನಾಕನೇದ್ದು ಹೊಡದದ್ದಲ್ಲ, ಉರುಳಿಸಿದ್ದು. ಕೋಳಿ ಮರಿ ದಾಟಿದಂಗ ದಾಟಿ ಹೋತು. ನೀ ಬಾಜೂಕ ಸರದ ನಿಂತ ನೋಡಿದಿ. ಮೂರನೇದ್ದ ಆದಮ್ಯಾಲ ಬಲಿಯೊಳಗಿನ ಚೆಂಡ ತಗದು, ಅಂಗೀಲೆ ಒರಸಿ, ಎರಡೂ ಕೈಲೆ ಅಂವಗ ಕೊಟ್ಟಿ! ಯಾರಲೇ ಅಂವ?

ಸುರಜ ಉಪ್ಪಿಟ್ಟಿನಲ್ಲಿ ಶೇಂಗಾ ಹುಡುಕತೊಡಗಿದ. ಉಜ್ವಲಾ ಬೇಕಿಲ್ಲದಿದ್ದರೂ ಒಲೆಯ ಮೇಲಿನ ಪಾತ್ರೆಯನ್ನು ಎತ್ತಿ ಮತ್ತೆ ಅಲ್ಲಿಯೇ ಇಟ್ಟಳು.

ಸುರಜ: ಶಿವರಾಜ.

ಭೀಮಸಿ: ಯಾವ ಶಿವರಾಜ?

ಸುರಜ: ನೀಲಮನ ಅಣ್ಣ.

ಪೆನ್ನು ಮಾಸ್ತರನ ಕೈಯಿಂದ ಜಾರಿತು. ನೀಲಮ ಎಂದರೆ ಕಾಗವಾಡದ ಹುಡುಗಿ. ಗುರುವಾರ ಅಕ್ಕ ತಮ್ಮ ಇಬ್ಬರೂ ಹೋಗಿ ನೋಡಿ ಬಂದಿದ್ದರು, ಮಾಸ್ತರ ಮಾತ್ರ ಪ್ರ್ಯಾಕ್ಟೀಸ್ ಬಿಟ್ಟು ಕದಲಿರಲಿಲ್ಲ. ಹೆಣ್ಣಿನವರ ಉತ್ತರ ಇವತ್ತು ಬರಬೇಕಿತ್ತು. ಸುರಜನಿಗೆ ಮೂವತ್ತೊಂದು ತುಂಬಿತ್ತು. ಯಡೂರಿನ ಹತ್ತಿರ ಆರು ಎಕರೆ ಕಬ್ಬು, ಮೈಯಲ್ಲಿ ಶಕ್ತಿ, ಬಾಯಲ್ಲಿ ಚಟವಿಲ್ಲ. ಆದರೂ ಹೊಲದಲ್ಲಿ ದುಡಿಯುವ ಹುಡುಗ ಬೇಡವೆಂದು ಹದಿಮೂರು ಮನೆಯವರು ಅವಲಕ್ಕಿಯ ಪೋಹೆ ತಿನ್ನಿಸಿ ಕಳಿಸಿದ್ದರು.

ಉಜ್ವಲಾ: ನಾನ ಹೇಳಿದ್ನಿ ಅಂವಗ. ಬೀಗರ ಎದುರ ಸೊಕ್ಕ ಮಾಡಬ್ಯಾಡ, ತಗ್ಗಿ ಬಗ್ಗಿ ಇರು ಅಂತ. ಏನ ತಪ್ಪ ಐತಿ?

ಭೀಮಸಿ: ತಗ್ಗಿ ಬಗ್ಗೂದು ಅವರ ಮನ್ಯಾಗ ಕುಂತಾಗ! ಗೋಲಪೋಸ್ಟಿನ್ಯಾಗ ಅಲ್ಲ!

ಸುರಜ: ಅಕ್ಕ ಜಾಗಾ ಹೇಳಿರಲಿಲ್ಲರಿ.

ಭೀಮಸಿ: ಬೀಗರ ಬಂದ್ರ ಕಾಲಿಗೆ ನೀರ ಕೊಡತಾರೋ, ಗೋಲ ಕೊಡತಾರೋ? ಮ್ಯಾಲ ನಾವು ಗಂಡಿನ ಕಡಿಯವ್ರು. ಬಗ್ಗೂದಿದ್ರ ಅವರ ಬಗ್ಗಬೇಕಿತ್ತು!

ಉಜ್ವಲಾ: ಯಾವ ಕಾಲದಾಗ ಅದೀರಿ ನೀವು? ಈಗ ಹೆಣ್ಣಿನವ್ರ ಗಾಡಿ ನಿಲ್ಲಿಸೂ ಮದಲ ಗಂಡಿನವ್ರ ಬಾಗಲಾ ತಗೀತಾರ. ಹದಿಮೂರ ಕಡೆ ಇಲ್ಲ ಅನಿಸಿಕೊಂಡ ಬಂದಾನ ನನ್ನ ತಮ್ಮ. ನಾಕ ಗೋಲ ಹೋದ್ರ ಹೋಗಲಿ, ಹದಿನಾಕನೇ ಮನಿ ತಪ್ಪಬಾರದು.

ಭೀಮಸಿ: ಹಂಗಾರ ಕಾಗದದಾಗ ನಿನ್ನ ಹೆಸರ ಬರೀತೀನಿ.

ಉಜ್ವಲಾ: ಬರೀರಿ! ‘ಕೋಚನ ಹೇಣ್ತಿ ಮಾತಿನಿಂದ ತಂಡ ಸೋತೈತಿ.’ ಬೇಕಾರ ನಾ ಸಹಿನೂ ಮಾಡ್ತೀನಿ. ನಾಳೆ ನಿಮ್ಮ ಶಾಲ್ಯಾಗ ಪ್ರಾರ್ಥನಾ ಬಿಟ್ಟು ಅದನ್ನ ಹಾಡ್ತಾರ ಹುಡುಗೂರು.

ಮಾಸ್ತರ ಪೆನ್ನು ಎತ್ತಿಕೊಂಡ, ಮತ್ತೆ ಇಟ್ಟ. ಹೆಂಡತಿಯ ಹೆಸರು ಬರೆದರೆ ಊರು ನಗುತ್ತದೆ, ಸುರಜನ ಹೆಸರು ಬರೆದರೆ ಈ ಮನೆಯಲ್ಲಿ ರೊಟ್ಟಿ ಸಿಗುವುದಿಲ್ಲ. ತನ್ನ ಹೆಸರು ಬರೆದರೆ ಕೋಚ್ ಕೆಲಸವೇ ಹೋಗುತ್ತದೆ. ಹನ್ನೊಂದು ವರ್ಷದಿಂದ ಮಾಡಿದ ಕೆಲಸ. ಶಾಲೆಯಲ್ಲಿ ಅವನು ಬರೀ ಡ್ರಿಲ್ ಮಾಸ್ತರ, ಗಣಿತದವರು ಅವನ ಪಿರಿಯಡ್ ಕೇಳದೇ ಕಸಿದುಕೊಳ್ಳುತ್ತಿದ್ದರು. ಮೈದಾನದಲ್ಲಿ ಮಾತ್ರ ದೊಡ್ಡವರೂ ‘ಕೋಚ್ ಸಾಹೇಬ್ರ’ ಎಂದು ಕುರ್ಚಿ ಬಿಟ್ಟು ಏಳುತ್ತಿದ್ದರು. ಅದನ್ನು ಬಿಟ್ಟುಕೊಡುವುದು ಅವನಿಂದ ಸಾಧ್ಯವಿರಲಿಲ್ಲ.

ಅಷ್ಟರಲ್ಲಿ ಉಜ್ವಲಾಳ ಫೋನು ಹೊಡೆದುಕೊಂಡಿತು.

ಉಜ್ವಲಾ: ಕಾಗವಾಡದ್ದು! ಸುಮ್ನಿರ್ರಿ ಎಲ್ಲಾರು! ಹಲೋ... ಸಕ್ಕುಬಾಯಿ ಅಕ್ಕಾರ?

ಫೋನು: ಅವ್ವ ಅಲ್ಲರಿ, ನಾ ನೀಲಮ. ಅವ್ವಗ ಕೇಳಾಕ ಸಂಕೋಚ, ಅದಕ್ಕ ನಾನ ಕೇಳ್ತೀನಿ. ನಿನ್ನೆ ಅಣ್ಣನ ಜೋಡಿ ನಾನೂ ಬಂದಿದ್ನಿ. ಗೋಲಪೋಸ್ಟಿನ ಹಿಂದ ನಿಂತ ಪೂರಾ ಆಟ ನೋಡೀನಿ.

ಉಜ್ವಲಾ ಫೋನನ್ನು ಎಲ್ಲರಿಗೂ ಕೇಳುವಂತೆ ಮಾಡಿ ಉಪ್ಪಿಟ್ಟಿನ ಪಾತ್ರೆಗೆ ಒರಗಿಸಿ ಇಟ್ಟಳು. ಸುರಜ ಕೈ ತೊಳೆಯದೆಯೇ ಎದ್ದು ನಿಂತ.

ನೀಲಮ: ನಿಮ್ಮ ತಮ್ಮಗ ಒಂದ ಮಾತ ಕೇಳ್ರಿ. ನಮ್ಮ ಅಣ್ಣನ ಚೆಂಡ ಅವರಿಗೆ ಹಿಡಿಯಾಕ ಆಗಲಿಲ್ಲೋ, ಬೇಕಂತ ಬಿಟ್ರೋ? ಹಿಡಿಯಾಕ ಆಗಲಿಲ್ಲ ಅಂದ್ರ ಕೈಲಾಗದವ್ರು. ಬೇಕಂತ ಬಿಟ್ರ ತಮ್ಮ ತಂಡಕ್ಕ ಮೋಸ ಮಾಡಿದವ್ರು. ಎರಡೂ ನನಗ ಬ್ಯಾಡ.

ಸುರಜನ ಮುಖ ಹಿಂಡಿದ ಬಟ್ಟೆಯಂತಾಯಿತು. ಅಕ್ಕನನ್ನು ನೋಡಿದ. ಅಕ್ಕ ಗಂಡನನ್ನು ನೋಡಿದಳು. ಮಾಸ್ತರನಿಗೆ ಈ ದಡ್ಡನ ಮೇಲೆ ಸಿಟ್ಟೂ ಬಂತು, ಕರುಳೂ ಚುರುಕ್ ಎಂದಿತು. ಮೊದಲ ಬೂಟಿನ ದಾರ ಕಟ್ಟುವುದನ್ನು ಕಲಿಸಿದ್ದು ತಾನೇ ಅಲ್ಲವೇ!

ಭೀಮಸಿ: ತಂಗಿ, ನಾ ಕೋಚ ಭೀಮಸಿ ಮಾತಾಡೂದು. ಎರಡೂ ಅಲ್ಲವ್ವಾ. ತಪ್ಪ ನಂದು. ಒಂಬತ್ತನೇ ನಂಬರ ಬಂದಾಗ ಬಾಜೂಕ ಸರಿ ಅಂತ ನಾನ ಹೇಳಿಕೊಟ್ಟಿದ್ನಿ. ನನ್ನ ಅಂದಾಜ ತಪ್ಪಿತು. ಹುಡುಗ ನನ್ನ ಮಾತ ಮೀರಲಿಲ್ಲ, ಅಷ್ಟ.

ನೀಲಮ: ಚೆಂಡ ಒರಸಿ ಕೊಡೂದೂ ನೀವ ಹೇಳಿಕೊಟ್ಟಿದ್ರೇನ್ರಿ?

ಭೀಮಸಿ: ಅದು... ಅದು ಅಂವನ ಸಂಸ್ಕಾರ.

ಆ ಕಡೆ ಹುಡುಗಿ ಕಿಸಕ್ಕನೆ ನಕ್ಕಳು. ಈ ಕಡೆ ಮೂವರೂ ಉಸಿರು ಬಿಟ್ಟರು.

ನೀಲಮ: ಹಂಗಾರ ಅವ್ವಗ ಹೂಂ ಅಂತೀನಿ. ಆದ್ರ ಸಿಟ್ಟಾಗಬ್ಯಾಡ್ರಿ ಮಾಸ್ತರ, ಇಂಥಾ ಬುದ್ಧಿ ಹೇಳೋ ಕೋಚ ಇದ್ರ ಆ ತಂಡ ಎಂದೂ ಗೆಲ್ಲೂದಿಲ್ಲ.

ಭೀಮಸಿ: ಖರೇನ ತಂಗಿ.

ನೀಲಮ: ನಾ ಆಟ ಕಲಿಸೂ ಬಿ.ಪಿ.ಎಡ್ ಮಾಡೀನಿ. ಮೂರ ವರ್ಷ ಕಾಲೇಜ್ ತಂಡಕ್ಕ ಆಡೀನಿ. ಮದುವಿಯಾಗಿ ಬಂದಮ್ಯಾಲ ಆ ಕೆಲಸ ನನಗ ಕೊಡಸ್ರಿ. ನಿಮ್ಮ ಸಾವಕಾರ್ರಿಗೆ ಒಂದ ಮಾತ ಹಾಕಿ ಇಡ್ರಿ.

ಫೋನು ಕಟ್ಟಾಯಿತು. ಉಜ್ವಲಾ ದೇವರ ಮುಂದೆ ಸಕ್ಕರೆ ಇಡಲು ಓಡಿದಳು. ಅರ್ಧ ದಾರಿಯಲ್ಲಿ ಗಂಡನ ನೆನಪಾಗಿ ತಿರುಗಿ ಬಂದು, ಮೊದಲ ಚಿಟಿಕೆಯನ್ನು ಅವನ ಬಾಯಿಗೇ ಹಾಕಿದಳು. ಮಾಸ್ತರ ಸಕ್ಕರೆ ಚೀಪುತ್ತ, ದುಂಡನೆಯ ಅಕ್ಷರದಲ್ಲಿ ಕಾಗದ ಬರೆದ. ಯಾರಿಂದ ಸೋತೆವು ಎಂಬಲ್ಲಿ ತನ್ನ ಹೆಸರು ಬರೆದು, ಹೊಸ ಕೋಚಿನ ಹೆಸರನ್ನೂ ಕೆಳಗೆ ಸೇರಿಸಿದ. ಬರೆಯುವಾಗ ಕಣ್ಣು ತುಂಬಿತು. ಮಡಚುವ ಹೊತ್ತಿಗೆ ಯಾಕೋ ಮೀಸೆಯ ಕೆಳಗೆ ನಗು ಮೂಡಿತು.

ಸುರಜ: ದಾಜಿ, ನನ್ನ ಸಲುವಾಗಿ ನಿಮ್ಮ ಕೋಚಗಿರಿ ಹೋತು. ಅಳೂದ ಬಿಟ್ಟು ನಗಾಕತ್ತೀರಲ್ಲ?

ಭೀಮಸಿ: ಯಾಕ ಅಳಲಿ? ನನ್ನ ಬೈಗುಳ ಮೈದಾನದಾಗ ಮುಗೀತಿತ್ತು, ನೀ ಮನಿಗೆ ಓಡಿ ಹೋಗ್ತಿದ್ದಿ. ಇನ್ನ ಮ್ಯಾಲ ಮನಿಗೆ ಓಡಿ ಹೋದ್ರ ಕೋಚ ಅಲ್ಲೇ ಕುಂತಿರ್ತಾಳ.

ಸುರಜ: ಸೋತಾಗ ತಪ್ಪ ಯಾರದಂತ ಕಾಗದ ಆಕೀನ ಬರೀತಾಳೇನ್ರಿ?

ಭೀಮಸಿ: ಕಾಗದ ಯಾಕಲೇ ಹುಚ್ಚಾ? ಹದಿನೆಂಟ ವರ್ಷ ಆತು ನಿಮ್ಮ ಅಕ್ಕನ ಜೋಡಿ ಸಂಸಾರ ಮಾಡಾಕತ್ತು. ಈ ಮನ್ಯಾಗ ತಪ್ಪ ಯಾರದಂತ ಒಮ್ಮಿನೂ ಯಾರೂ ಕೇಳಿಲ್ಲ!