ಕಂಬದ ಗುಂಡಿಯಲ್ಲಿ ಸಿಕ್ಕ ರಸ್ತೆ

ಟೆಲಿಫೋನ್ ಕಂಬ ನಿಲ್ಲಿಸುವ ಕೆಲಸದಲ್ಲಿ ನಾನು ತಿರುಗದ ಊರಿಲ್ಲ. ಸೊರಬದ ಕಡೆ ಗುಂಡಿ ತೋಡಿದರೆ ಕೆಂಪು ಮಣ್ಣು ಬರುತ್ತಿತ್ತು. ಶಿಕಾರಿಪುರದಲ್ಲಿ ನೀರಿನ ಪೈಪು ಸಿಗುತ್ತಿತ್ತು. ಬಳ್ಳಿಗಾವಿಯಲ್ಲಿ ಮಾತ್ರ ಹಾರೆ ಹಾಕಿದಲ್ಲೆಲ್ಲ ಯಾವುದೋ ರಾಜನ ಕಾಲ ಎದ್ದು ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಅಲ್ಲಿ ಒಂದೇ ಒಂದು ಲೈನ್ ಎಳೆಯುವಷ್ಟರಲ್ಲಿ ನಡೆದದ್ದು ಇದು.

೧. ಕೇಳದೆ ಒಳಗೆ ಬಂದವರು

ಮೊದಲ ಗುಂಡಿ. ಮೂರಡಿ ಇಳಿದಿದ್ದೆವು, ಹಾರೆ ಠಣ್ ಎಂದಿತು. ಕಲ್ಲು. ಎಡಕ್ಕೆ ಸರಿದು ತೋಡಿದೆವು, ಕಲ್ಲು. ಬಲಕ್ಕೆ ಸರಿದೆವು, ಅಲ್ಲೂ ಕಲ್ಲು. ಮಣ್ಣು ಬಳಿದು ನೀರು ಹೊಯ್ದರೆ ಚಪ್ಪಡಿಗಳು ಸಾಲಾಗಿ ಹೊಳೆದವು. ಸಂದಿಯಲ್ಲಿ ಉಗುರು ತೂರುವಷ್ಟೂ ಜಾಗವಿಲ್ಲ.

ನಮ್ಮ ಮೇಸ್ತ್ರಿ ಮೆಲ್ಲಗೆ ಚಪ್ಪಲಿ ಬಿಚ್ಚಿ ಮೇಲಿಟ್ಟ.

"ಯಾಕೋ?" ಎಂದೆ.

"ಯಾರದೋ ಮನೆ ಒಳಗೆ ಬಂದಂಗಾತು ಸಾರ್. ಅದೂ ಸೂರಿನ ಕಡೆಯಿಂದ!"

೨. ಮೇಷ್ಟ್ರ ಪಾಠ

ಆ ಲೈನ್ ಹೋಗಬೇಕಿದ್ದದ್ದು ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರ ಮನೆಗೆ. ಮಗಳನ್ನು ಸೊರಬಕ್ಕೆ ಕೊಟ್ಟಿದ್ದರು. ಅವಳು ಆಗ ಏಳು ತಿಂಗಳ ಬಸುರಿ. ಅವಳ ದನಿ ಕೇಳಬೇಕೆಂದು ಫೋನಿಗೆ ಕಾದು ಕಾದು ಸಾಕಾಗಿದ್ದರು. ಕಲ್ಲು ಸಿಕ್ಕ ಸುದ್ದಿ ಕೇಳಿ ಬಂದವರು ಪಂಚೆ ಎತ್ತಿ ಕಟ್ಟಿ ಗುಂಡಿಗೇ ಇಳಿದರು. ಚಪ್ಪಡಿಯ ಮೇಲೆ ಎರಡು ಸವೆದ ಗೆರೆಗಳಿದ್ದವು. ಅದರಲ್ಲಿ ಬೆರಳಾಡಿಸಿದರು.

"ಗಾಡಿ ಚಕ್ರದ ಗುರುತು ಕಣ್ರೀ. ಇದು ರಸ್ತೆ!" ಎಂದು ನಮ್ಮ ಕಡೆ ತಿರುಗಿದರು. "ಇಂಗ್ಲೆಂಡಿನಲ್ಲಿ ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ರಸ್ತೆ ಹಾಕಿದ್ರು. ಅವರ ದಂಡು ಹೊರಟುಹೋಯ್ತು, ಸಾಮ್ರಾಜ್ಯವೇ ಮುಗೀತು. ಇವತ್ತಿಗೂ ಅದೇ ಜಾಡಿನ ಮೇಲೆ ಬಸ್ಸು, ಲಾರಿ ಓಡ್ತವೆ. ದಂಡು ಬೀಡುಬಿಟ್ಟ ಜಾಗಗಳೇ ಎಷ್ಟೋ ಈಗ ಪಟ್ಟಣ ಆಗಿವೆ. ಮೂವತ್ತು ವರ್ಷ ಇದನ್ನ ಪಾಠ ಮಾಡಿದೆ. ನನ್ನ ಬಾಗಿಲಲ್ಲೇ ಇಂಥದ್ದೊಂದು ಮಲಗಿದೆ ಅಂತ ಗೊತ್ತಾಗಲಿಲ್ಲ."

ಮೇಸ್ತ್ರಿ ಬೆರಗಾಗಿ ಕೇಳಿದ: "ಎರಡು ಸಾವಿರ ವರ್ಷ ಹಂಗೇ ಉಳೀತಾ ಸಾರ್? ಹಂಗಾರೆ ಆ ಕಡೆ ಟೆಲಿಫೋನಿನೋರು ಬಂದಿಲ್ಲ ಬಿಡಿ!"

ನಾನು ಕೈಯಲ್ಲಿದ್ದ ಹಾರೆ ಕೆಳಗಿಟ್ಟೆ.

೩. ಅಜ್ಜಿಯ ಕೊಟ್ಟಿಗೆ

"ಚಪ್ಪಡಿ ಒಡೀಬೇಡಿ, ಲೈನ್ ಬಾಗಿಸಿ" ಎಂದರು ಮೇಷ್ಟ್ರು.

"ಬಾಗಿಸಿದರೆ ಮೇಲಿನವರು ಒಪ್ಪಬೇಕು. ನಿಮ್ಮ ಫೋನೇ ತಡ ಆಗುತ್ತೆ."

ಮೇಷ್ಟ್ರು ಚಪ್ಪಡಿಯ ಮೇಲಿನ ಮಣ್ಣು ಒರೆಸುತ್ತಾ, "ಆಗಲಿ ಬಿಡಿ" ಎಂದರು.

ರಸ್ತೆ ಎತ್ತ ಹೋಗುತ್ತದೆಂದು ನೋಡಲು ಸವೆದ ಗೆರೆಯ ನೇರಕ್ಕೆ ನಮ್ಮ ಅಳತೆಯ ಹಗ್ಗವನ್ನೇ ಹಿಡಿದು ಹೊರಟೆವು. ಅದು ನೆಟ್ಟಗೆ ತಗ್ಗಿನಲ್ಲಿದ್ದ ಒಬ್ಬ ಅಜ್ಜಿಯ ಕೊಟ್ಟಿಗೆಯೊಳಗೆ ನುಗ್ಗಿತು. ಅಲ್ಲೂ ಸಗಣಿಯ ಕೆಳಗೆ ಅದೇ ಚಪ್ಪಡಿ, ಅದೇ ಗೆರೆ.

ಮೇಷ್ಟ್ರು ಕೈ ಮುಗಿಯುವಂತೆ ನಿಂತು ಹೇಳಿದರು: "ಅಜ್ಜೀ, ಇದು ಬನವಾಸಿ ದಾರಿ ಇದ್ದೀತು. ಆನೆ, ಕುದುರೆ, ದೊಡ್ಡ ದೊಡ್ಡ ವರ್ತಕರು, ಎಲ್ಲರೂ ನಿಮ್ಮ ಕೊಟ್ಟಿಗೆ ಮೇಲೇ ಹೋಗ್ತಿದ್ರು!"

ಅಜ್ಜಿ ಹುಲ್ಲು ಹಾಕುತ್ತಲೇ ಅಂದಳು: "ಹೋಗ್ಲಿ ಬಿಡಪ್ಪ, ಯಾರು ಬ್ಯಾಡ ಅಂದ್ರು? ಎಮ್ಮೆ ಹಾಯ್ತೈತಿ, ಒಸಿ ನೋಡ್ಕೊಂಡು ಹೋಗಾಕೆ ಹೇಳು."

೪. ಅನುಮತಿ ಯಾರದು

ಕೊನೆಗೆ ಲೈನ್ ಬಾಗಿತು. ಮೇಷ್ಟ್ರ ಫೋನು ಒಂದು ತಿಂಗಳು ತಡವಾಗಿಯಾದರೂ, ಮಗಳ ಹೆರಿಗೆಗೆ ಮುಂಚೆಯೇ ಬಂತು. ಆದರೆ ಅದಕ್ಕೆ ಮೊದಲು ನಾನು ಶಿವಮೊಗ್ಗದ ಸಾಹೇಬರನ್ನು ಒಪ್ಪಿಸಬೇಕಿತ್ತು. ಶಿಕಾರಿಪುರಕ್ಕೆ ಬಂದು ಹೆದರುತ್ತಲೇ ಫೋನ್ ಮಾಡಿದೆ.

"ಲೈನ್ ಯಾಕ್ರೀ ಸೊಟ್ಟ?"

"ರಸ್ತೆ ಅಡ್ಡ ಬರ್ತಿದೆ ಸಾರ್."

"ರಸ್ತೆಯೋರ ಹತ್ರ ಅನುಮತಿ ತಗೊಳ್ರೀ!"

"ಅವರು ಈಗಿಲ್ಲ ಸಾರ್."

"ವರ್ಗ ಆಗಿದ್ರೆ ಅವರ ಜಾಗಕ್ಕೆ ಬೇರೆಯೋರು ಬಂದಿರ್ತಾರಲ್ಲ?"

"ಎಂಟುನೂರು ವರ್ಷ ಆಗಿರಬಹುದು ಸಾರ್, ಇನ್ನೂ ಯಾರೂ ಚಾರ್ಜ್ ತಗೊಂಡಿಲ್ಲ."

ಆ ಕಡೆ ಫೋನ್ ಇಟ್ಟ ಸದ್ದಾಯಿತು. ಮರುದಿನ ಸಾಹೇಬರೇ ಜೀಪಿನಲ್ಲಿ ಬಂದಿಳಿದರು. ಮುಖ ಗಂಟು. ಗುಂಡಿಯ ಅಂಚಿನಲ್ಲಿ ಕೂತು ಇಣುಕಿದರು. ಸವೆದ ಗೆರೆಯನ್ನು ತುಂಬ ಹೊತ್ತು ನೋಡಿದರು. ಗಂಟು ಸಡಿಲವಾಯಿತು.

"ಎಷ್ಟು ಗಾಡಿ ಓಡಿದ್ರೆ ಕಲ್ಲು ಹೀಗೆ ಸವೆದೀತು ರೀ!"

ಎದ್ದು, ಪ್ಯಾಂಟಿನ ಮಣ್ಣು ಕೊಡವಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದರು:

"ಕಂಬ ಆಚೆಗೇ ಹಾಕ್ಸಿ. ಇಷ್ಟು ಗಟ್ಟಿಯಾಗಿ ಹಾಕಿರೋರು ವಾಪಸ್ ಬರೋ ಯೋಚನೆ ಇಟ್ಕೊಂಡೇ ಹೋಗಿರ್ತಾರೆ. ನನ್ನ ಸರ್ವೀಸ್ ಇನ್ನೂ ಎರಡು ವರ್ಷ ಇದೆ."