ನನ್ನ ಕಂದಾಯ ಯಾರೋ ಕಟ್ಟಿಬಿಟ್ಟರು

ಹೆದರಿಕೆಯ ವಿಷಯದಲ್ಲಿ ನಾನು ಬಡವನಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಂಡಿನಿಂದ ಮನೆಗೆ ವಾಪಸು ಬಂದವನು. ಬಂದು, ಆಫ್ ಆಗಿರುವುದನ್ನು ಮುಟ್ಟಿ ನೋಡಿ, ಮುಟ್ಟುವಾಗ ಎಲ್ಲಿ ತಿರುಗಿಸಿಬಿಟ್ಟೆನೋ ಎಂದು ಅರ್ಧ ದಾರಿಯಿಂದ ಮತ್ತೊಮ್ಮೆ ಬಂದವನು. ನನ್ನ ಹೆಂಡತಿ ಇದನ್ನು ಕಾಯಿಲೆ ಅನ್ನುತ್ತಾಳೆ, ನಾನು ಜವಾಬ್ದಾರಿ ಅನ್ನುತ್ತೇನೆ. ಇಷ್ಟೆಲ್ಲ ಅನುಭವವಿದ್ದ ನನಗೂ, ನನ್ನ ಮನೆ ಕಂದಾಯವನ್ನು ಬೇರೆ ಯಾರೋ ಕಟ್ಟಿದರೆ ಹೆದರಬೇಕಾಗುತ್ತದೆ ಎಂಬುದು ಹೊಳೆದಿರಲಿಲ್ಲ.

ನಾವು ಬಹಳ ಕಾಲ ಕನಕಪುರದ ಬಾಡಿಗೆ ಮನೆಗಳಲ್ಲಿ, ಗೋಡೆಗೊಂದು ಮೊಳೆ ಹೊಡೆಯಲೂ ಅಪ್ಪಣೆ ಕೇಳುತ್ತ ಬದುಕಿದವರು. ಹೋದ ವರ್ಷ ರಾಮನಗರದಲ್ಲಿ ಒಂದು ಹಳೇ ಮನೆ ಕೊಂಡೆವು. ಹೆಂಡತಿ ಅಲ್ಲಿಯ ಶಾಲೆಯಲ್ಲಿ ಟೀಚರು. ನಾನು ಹಾರೋಹಳ್ಳಿಯ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಕಾಯುವವನು. ಅವಳ ಬಳೆ, ನನ್ನ ಪಿಎಫ್ಫು ಎರಡೂ ಆ ಮನೆಯೊಳಗೆ ಹೋಗಿ ಕೂತಿವೆ. ಅದು ಕೈತಪ್ಪಿದರೆ ಇನ್ನೊಂದು ಕೊಳ್ಳುವ ವಯಸ್ಸೂ ಇಲ್ಲ, ಬಳೆಯೂ ಇಲ್ಲ. ರಿಜಿಸ್ಟ್ರೇಷನ್ ಆದ ದಿನ ಸಿಹಿ ಹಂಚಿ, ಇನ್ನೇನು ಮನೆ ನಮ್ಮದಾಯಿತು ಅಂದುಕೊಂಡೆ. ನಗರಸಭೆಯ ಖಾತೆಯಲ್ಲಿ ಹೆಸರು ಬದಲಾಗುವುದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಅರ್ಜಿ ಎಂದು ಎರಡು ಮೂರು ಜನ ಹೇಳಿದರು. ಆಫೀಸಿಗೆ ಹೋದರೆ ಇನ್ಯಾವ ಕಾಗದ ಇಲ್ಲ ಅಂದುಬಿಡುತ್ತಾರೋ ಎಂದು ಹೆದರಿ ನಾನು ಹೋಗಲಿಲ್ಲ.

ಏಪ್ರಿಲ್ ಬಂತು. ಆ ತಿಂಗಳಲ್ಲಿ ಕಟ್ಟಿದರೆ ಒಸಿ ರಿಯಾಯಿತಿ. ಸ್ನಾನ ಮಾಡಿ, ಇಸ್ತ್ರಿ ಷರ್ಟು ಹಾಕಿಕೊಂಡು ನಗರಸಭೆಗೆ ಹೋದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರ್ ನೋಡಿ, "ಈ ಮನೇದು ಆಗಲೇ ಕಟ್ಟಿದೆಯಲ್ಲ ಸಾರ್" ಅಂದಳು. ನಾನು ಕಟ್ಟಿಲ್ಲ ಅಂದೆ. "ನೀವು ಕಟ್ಟಿಲ್ಲ, ಆದ್ರೆ ಕಟ್ಟಿದೆ. ಖಾತೆ ಚಿಕ್ಕೇಗೌಡ್ರ ಹೆಸರಲ್ಲೇ ಇದೆ. ಯಾರು ಕಟ್ಟಿದ್ರೂ ನಮಗೆ ದುಡ್ಡು ಬಂತಲ್ಲ" ಎಂದು ಮುಂದಿನವರನ್ನು ಕರೆದಳು. ಚಿಕ್ಕೇಗೌಡ ಅಂದರೆ ನಮಗೆ ಮನೆ ಮಾರಿದವನು. ಮಾರ್ಕೆಟ್ಟಿಗೆ ರೇಷ್ಮೆಗೂಡು ತರುತ್ತಿದ್ದ ಕಾಲದಲ್ಲಿ ಇಲ್ಲೊಂದು ಮನೆ ಮಾಡಿಕೊಂಡಿದ್ದು, ಈಗ ದೊಡ್ಡಆಲಹಳ್ಳಿಯ ತನ್ನ ಹೊಲಕ್ಕೆ ಹೊರಟುಹೋಗಿದ್ದ. ದುಡ್ಡು ಎಣಿಸಿಕೊಂಡು ಹೋದ ಮನುಷ್ಯ ಕಂದಾಯ ಯಾಕೆ ಕಟ್ಟಿದ?

ಬೇರೆಯವರಾಗಿದ್ದರೆ ದುಡ್ಡು ಉಳಿಯಿತೆಂದು ಮಸಾಲೆ ದೋಸೆ ತಿಂದು ಮನೆಗೆ ಹೋಗುತ್ತಿದ್ದರು. ನಾನು ನೇರ ಮನೆಗೆ ಬಂದು, ಕ್ರಯಪತ್ರ ಬೀರುವಿನಲ್ಲೇ ಇದೆಯೋ ಇಲ್ಲವೋ ಎಂದು ಎರಡು ಸಲ ನೋಡಿದೆ. ಮಾರನೇ ದಿನ ಸ್ಟೋರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ರಾಜಣ್ಣನಿಗೆ ಹೇಳಿದೆ. ಅವನು ಟೀ ಲೋಟ ಕೆಳಗಿಟ್ಟ. ಅವನು ಲೋಟ ಕೆಳಗಿಟ್ಟರೆ ವಿಷಯ ಗಂಭೀರ ಅಂತಲೇ ಅರ್ಥ. "ಕಂದಾಯ ಯಾರು ಕಟ್ತಾನೋ ಅವನೇ ಓನರ್ರು ಅಂತ ವಾದ ಮಾಡ್ತಾರೆ ಕಣ್ಲಾ. ನಮ್ಮೂರಲ್ಲಿ ಒಬ್ಬ ಇಂಗೇ ಕಟ್ಕಂಡು ಕಟ್ಕಂಡು ಬಂದು ಆಮೇಲೆ ಕೇಸ್ ಆಕ್ಬುಟ್ಟ. ಇನ್ನೂ ಕೋರ್ಟಿಗೆ ತಿರುಗ್ತಾವ್ರೆ." ಗೆದ್ದವರು ಯಾರು ಅಂದೆ. "ಲಾಯರ್ರು" ಅಂದ.

ಸಂಜೆ ಮನೆಗೆ ಬಂದರೆ ಪಕ್ಕದ ಮನೆಯಾಕೆ ಇನ್ನೊಂದು ಸುದ್ದಿ ಇಟ್ಟುಕೊಂಡು ಕಾಯುತ್ತಿದ್ದರು. ಮೊನ್ನೆ ಯಾರೋ ಪಂಚೆ ಉಟ್ಟವರು ನಮ್ಮ ಗೇಟಿನ ಮುಂದೆ ನಿಂತು ಮನೆಯನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲು ತಟ್ಟದೆ ಹೋದರಂತೆ. ನನಗೆ ಎಲ್ಲ ಖಚಿತವಾಯಿತು. ಮೊದಲು ಕಂದಾಯ, ಆಮೇಲೆ ಅಳತೆ, ಆಮೇಲೆ ಕೇಸು. "ಬಾಯಿದೆ ತಾನೆ? ಹೋಗಿ ಕೇಳ್ಕೊಂಡು ಬನ್ನಿ" ಅಂದಳು ಹೆಂಡತಿ. ಅವಳು ಯಾವ ರೋಗಕ್ಕೂ ಇದೇ ಔಷಧಿ ಹೇಳುತ್ತಾಳೆ.

ಭಾನುವಾರ ಕನಕಪುರಕ್ಕೆ ಹೋಗಿ, ಬಸ್ಸು ಬದಲಾಯಿಸಿ, ದೊಡ್ಡಆಲಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಆಡಬೇಕಾದ ಖಡಕ್ ಮಾತುಗಳನ್ನು ಬಾಯಿಪಾಠ ಮಾಡಿದೆ. ಚಿಕ್ಕೇಗೌಡ ಜಗಲಿಯಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ. ನನ್ನನ್ನು ಕಂಡದ್ದೇ ತಡ, ಅವನ ಮುಖ ಬಿಳಿಚಿಕೊಂಡಿತು. ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಅವನು ಎದ್ದು ನಿಂತು, "ನೋಟೀಸ್ ಬಂತಾ ಸಾರ್?" ಅಂದ.

"ಯಾವ ನೋಟೀಸು? ನನ್ನ ಮನೆ ಕಂದಾಯ ನೀವ್ಯಾಕ್ರೀ ಕಟ್ಟಿದ್ರಿ?"

"ಇನ್ನೇನ್ ಮಾಡ್ಲಿ ಸಾರ್? ಖಾತೆ ಇನ್ನೂ ನನ್ನೆಸರಲ್ಲೇ ಐತೆ. ನೀವು ಕಟ್ತೀರೋ ಬುಡ್ತೀರೋ ನಂಗೇನ್ ಗೊತ್ತು? ಬಾಕಿ ಬಿದ್ರೆ ನೋಟೀಸ್ ನನ್ನ ಬಾಗಿಲಿಗೆ ತಾನೆ ಬರಾದು. ರಾತ್ರಿಯೆಲ್ಲ ನಿದ್ದೆ ಬರ್ನಿಲ್ಲ. ಅದ್ಕೇ ಓಗಿ ಕಟ್ಬುಟ್ಟೆ."

ಹಾಗಾದರೆ ಗೇಟಿನ ಹತ್ತಿರ ನಿಂತದ್ದು? ಅದೂ ಅವನೇ. ಖಾತೆ ಬದಲಾಯಿಸಿಕೊಳ್ಳಿ ಅಂತ ಹೇಳಲು ಬಂದಿದ್ದನಂತೆ. "ಕಟ್ಟಿದ್ ದುಡ್ಡು ವಸೂಲಿಗೆ ಬಂದವ್ನೆ ಅಂತ ತಿಳ್ಕಂಡ್ರೆ ಏನ್ ಗತಿ ಅಂತ ನಾಚ್ಕೆ ಆಯ್ತು. ವಾಪಸ್ ಬಂದ್ಬುಟ್ಟೆ." ಬಾಯಿಪಾಠ ಮಾಡಿದ್ದ ಮಾತೆಲ್ಲ ನನಗೆ ಮರೆತುಹೋಯಿತು. ಅಲ್ಲೊಬ್ಬ ನನಗೆ ಹೆದರಿ ನಿದ್ದೆಗೆಟ್ಟಿದ್ದಾನೆ, ಇಲ್ಲೊಬ್ಬ ಅವನಿಗೆ ಹೆದರಿ ನಿದ್ದೆಗೆಟ್ಟಿದ್ದೇನೆ. ನನ್ನ ಜನ್ಮದಲ್ಲಿ ನನಗೆ ಯಾರಾದರೂ ಹೆದರಿದ್ದು ಇದೇ ಮೊದಲು. ಒಳಗೊಳಗೇ ಖುಷಿಯಾಯಿತೆಂದು ಹೇಳಲೇಬೇಕು. ಅವನ ಹೆಂಡತಿ ಮುದ್ದೆ, ಉಪ್ಸಾರು ಬಡಿಸಿದರು. ಕಂದಾಯದ ದುಡ್ಡನ್ನು ಅವನ ಜೇಬಿಗೆ ತುರುಕಲು ನಾನು, ತುರುಕಿಸಿಕೊಳ್ಳದಿರಲು ಅವನು ಸಾಕಷ್ಟು ಹೆಣಗಾಡಿದೆವು. ಕೊನೆಗೆ ಆಕೆಯೇ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡರು.

ಮರುದಿನವೇ ಚಿಕ್ಕೇಗೌಡ ರಾಮನಗರಕ್ಕೆ ಬಂದ. ಬರಲೇಬೇಕೆಂದೇನೂ ಇರಲಿಲ್ಲ, ಅರ್ಜಿ ಒಳಗೆ ಹೋಗುವುದನ್ನು ಕಣ್ಣಾರೆ ನೋಡಬೇಕು ಅಂದ. ನೋಡಿದ. ಕೌಂಟರಿನ ಹೆಣ್ಣುಮಗಳು ಸೀಲು ಒತ್ತಿದ್ದೇ ಅವನ ಮುಖದಲ್ಲಿ ಹತ್ತು ವರ್ಷ ಇಳಿದಂತಾಯಿತು. ನನಗೊಂದು ಕಾಫಿ ಕುಡಿಸಿ, "ಇನ್ ನೀವುಂಟು, ನಿಮ್ಮ ಮನೆಯುಂಟು, ನಾ ಬತ್ತೀನಿ ಸಾರ್" ಎಂದು ಕೈಬೀಸಿಕೊಂಡು ಬಸ್ಸು ಹತ್ತಿದ. ಅಷ್ಟು ಹಗುರವಾಗಿ ನಡೆಯುವ ಮನುಷ್ಯ ಅವನು ಅಂತ ನನಗೆ ಗೊತ್ತೇ ಇರಲಿಲ್ಲ.

ನಾನೂ ಮನೆಗೆ ಹೋಗಬಹುದಿತ್ತು. ಕಾಲು ತಾನಾಗಿ ಕೌಂಟರಿಗೆ ವಾಪಸು ಬಂತು. ಖಾತೆ ಆಗುವಷ್ಟರಲ್ಲಿ ಹಳೇ ಹೆಸರಿಗೇ ಬಿಲ್ಲು ಬಂದರೆ ಏನು ಮಾಡಬೇಕು ಎಂದು ಕೇಳಿದೆ. ಹೇಳಿದಳು. ಖಾತೆಯಾದ ಮೇಲೆ ಬಿಲ್ಲೇ ಬರದಿದ್ದರೆ? ಅದನ್ನೂ ಹೇಳಿದಳು. ಬಂದ ಬಿಲ್ಲು ನಾನು ಊರಲ್ಲಿಲ್ಲದಾಗ ಗಾಳಿಗೆ ಹಾರಿಹೋಗಿ, ನನಗೆ ಗೊತ್ತಾಗದೆ, ಬಾಕಿ ಬಿದ್ದು, ನೋಟೀಸು ಬಂದರೆ?

ಅವಳು ಪೆನ್ನು ಕೆಳಗಿಟ್ಟು ಒಳಗಿನ ಸಾಹೇಬರ ಕೋಣೆಯತ್ತ ತಿರುಗಿದಳು. "ಸಾರ್, ನೋಟೀಸ್ ಬಂದ್ರೆ, ನೋಟೀಸ್ ಬಂದ್ರೆ ಅಂತ ಬಂದು ಬಂದು ಕೇಳ್ತಿದ್ದ ಆ ಗೌಡ್ರು ಇನ್ಮೇಲೆ ಬರಲ್ಲ ಅಂತ ನೆಮ್ಮದಿಯಾಗಿದ್ರಲ್ಲ, ಸ್ವಲ್ಪ ಬನ್ನಿ ಇಲ್ಲಿ. ಮನೆ ಜೊತೆಗೆ ಇದನ್ನೂ ಮಾರಿಬಿಟ್ಟಿದ್ದಾರೆ."